ತೂತು ಮುಚ್ಚುವ ಮುನ್ನ

ಮರಕ್ಕೆ ನಮ್ಮ ಸಾಹಿತ್ಯದಲ್ಲಿ ಗೌರವದ ಸ್ಥಾನವುಂಟು. ಕಾಡಿನಲ್ಲಿ ನಿಂತ ಮರವನ್ನು ಕವಿಗಳು ಹಾಡಿದ್ದಾರೆ. ಕಡಿದು ತಂದ ಮರ ತೊಟ್ಟಿಲಾದರೆ ತಾಯಂದಿರು ಹಾಡಿದ್ದಾರೆ, ತೇರಾದರೆ ಭಕ್ತರು ಹಾಡಿದ್ದಾರೆ, ವೀಣೆಯಾದರೆ ಅದು ತಾನೇ ಹಾಡಿಕೊಂಡಿದೆ. ಅಡಿಗೆಮನೆಯ ಬೀರುವಾದ ಮರವನ್ನು ಕುರಿತು ಮಾತ್ರ ಯಾರೂ ಮಾತನಾಡಿದ್ದನ್ನು ನಾನು ಕಾಣೆ. ಮೆಣಸಿನಕಾಯಿಯ ಘಾಟು, ಒಗ್ಗರಣೆಯ ಜಿಡ್ಡು, ಅನ್ನದ ಹಬೆ ಇವುಗಳ ನಡುವೆ ಅರ್ಧ ಶತಮಾನಕ್ಕೂ ಮಿಕ್ಕಿ ನಿಂತು, ಮೂರು ತಲೆಮಾರಿನ ಉಪ್ಪು ಹುಳಿಗಳನ್ನು ಕಾಪಾಡಿ, ಕಡೆಗೆ ಮೈತುಂಬ ತೂತುಗಳನ್ನು ಹೊತ್ತುಕೊಂಡ ಈ ವಸ್ತುವಿಗೆ ಕೊನೆಗಾಲದಲ್ಲಿ ಸಿಗುವುದು ಎರಡೇ ಗತಿ: ಇಲ್ಲವೇ ಸೌದೆಯ ಒಟ್ಟಿಲು, ಇಲ್ಲವೇ ಹಳೆಯ ಸಾಮಾನಿನವನ ಗಾಡಿ.

ಕಳೆದ ಬೇಸಗೆಯಲ್ಲಿ ನಮ್ಮ ಮನೆಯ ಅಂಥ ಒಂದು ಬೀರುವಿನ ದುರಸ್ತಿ ನಡೆಯಿತು. ಹದಿನೈದು ದಿನ ಅದರ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದೆ. ಸಾಹಿತ್ಯದ ಪುಟದಲ್ಲಿ ಬಡಗಿಯ ಕಸುಬಿಗೇನು ಕೆಲಸ ಎಂದು ಹುಬ್ಬೇರಿಸುವ ವಾಚಕರು ಸ್ವಲ್ಪ ಸೈರಿಸಬೇಕು. ಓದುವುದೇ ನಮ್ಮೆಲ್ಲರ ವ್ಯಸನವಾಗಿರುವಾಗ, ಮರದ ತೂತನ್ನು ಓದಬಲ್ಲ ಒಬ್ಬ ಮನುಷ್ಯನ ವಿಚಾರವನ್ನು ಓದುವವರ ಮುಂದಲ್ಲದೆ ಇನ್ನಾರ ಮುಂದೆ ಹೇಳಲಿ?

ನಮ್ಮ ಹಿಂದಿನ ಅಡಿಗೆಮನೆಗಳಲ್ಲಿ ಬೀರು ಇರಲಿಲ್ಲ. ಗೋಡೆಯಲ್ಲಿ ಗೂಡು, ಅದಕ್ಕೂ ಮೇಲೆ ನಾಗಂದಿಗೆ, ತೊಲೆಯಿಂದ ಇಳಿಬಿಟ್ಟ ನೆಲುವು, ಇಷ್ಟರಲ್ಲಿ ಸಂಸಾರ ನಡೆಯುತ್ತಿತ್ತು. ಬೀರು ಮೊದಲು ಬಂದದ್ದು ಪೇಟೆಯ ಮನೆಗಳಿಗೆ. ತಂತಿಯ ಜಾಲರಿಯ ಬಾಗಿಲು, ಇರುವೆ ಹತ್ತದಂತೆ ನಾಲ್ಕು ಕಾಲಿಗೂ ನೀರು ತುಂಬಿದ ಬಟ್ಟಲು ಇದ್ದ ಹಾಲು ಮೊಸರಿನ ಬೀರನ್ನು ಹಿರಿಯ ವಾಚಕರು ನೆನಪಿಸಿಕೊಂಡಾರು. ನಮ್ಮದು ಅದಕ್ಕಿಂತ ದೊಡ್ಡದು. ಹಾಸನ ಜಿಲ್ಲೆಯ ನಮ್ಮ ಸಣ್ಣ ಪೇಟೆಯಲ್ಲಿ ಅಂಗಡಿಯೊಂದರ ಲೆಕ್ಕ ಬರೆಯುತ್ತಿದ್ದ ನಮ್ಮ ತಂದೆಯವರು 1961ರ ದೀಪಾವಳಿಗೆ ಮಾಡಿಸಿದ್ದು. ಆಳೆತ್ತರದ, ಎರಡು ಬಾಗಿಲಿನ ಬೀರು. ಚೌಕಟ್ಟು ತೇಗದ್ದು. ಎಲ್ಲಕ್ಕೂ ತೇಗ ಹಾಕುವಷ್ಟು ಅನುಕೂಲವಿರಲಿಲ್ಲವಾಗಿ ಬಾಗಿಲು ಮತ್ತು ತಟ್ಟುಗಳಿಗೆ ಹಲಸು, ಯಾರ ಕಣ್ಣಿಗೂ ಬೀಳದ ಹಿಂಬದಿಗೆ ಅಗ್ಗದ ಮಾವು. ಹೀಗೆ ಒಂದೇ ಬೀರುವಿನಲ್ಲಿ ಮೂರು ಜಾತಿಯ ಮರ ಸೇರಿದ್ದವು. ಬಹಳ ಕಾಲದ ಮೇಲೆ ಯಾರೋ ಅವಸರಕ್ಕೆ ರಬ್ಬರು ಮರದ ತಟ್ಟೊಂದನ್ನು ಸೇರಿಸಿದಾಗ ನಾಲ್ಕಾದವು.

ಮರ ಕಡಿದ ಮೇಲೂ ಉಸಿರಾಡುತ್ತದೆಂದು ಬಡಗಿಗಳು ಹೇಳುತ್ತಾರೆ. ಮಾತು ಅಲಂಕಾರದ್ದಾದರೂ ಅರ್ಥ ಶಾಸ್ತ್ರಸಮ್ಮತವಾದುದು. ಹಸಿಮರದಲ್ಲಿರುವ ನೀರು ಒಣಗುತ್ತ ಬಂದು, ಮರದ ಒಣತೂಕದ ಶೇಕಡ 30ರಷ್ಟಕ್ಕೆ ಇಳಿಯುವವರೆಗೆ ಹಲಗೆ ಅಲುಗುವುದಿಲ್ಲ. ಅಲ್ಲಿಂದ ಕೆಳಗೆ ನೀರು ಕಡಿಮೆಯಾದಂತೆಲ್ಲ ಕುಗ್ಗುತ್ತದೆ, ಹೆಚ್ಚಾದಂತೆಲ್ಲ ಹಿಗ್ಗುತ್ತದೆ. ಈ ಹಿಗ್ಗುಕುಗ್ಗು ಉದ್ದಕ್ಕೆ ಇಲ್ಲವೆನ್ನುವಷ್ಟು ಅಲ್ಪ, ಅಡ್ಡಕ್ಕೆ ಹೆಚ್ಚು. ಅಡ್ಡದಲ್ಲಿಯೂ ಮರದ ವರ್ಷಬಳೆಗಳ ಗುಂಟ ಆಗುವುದು, ತಿರುಳಿನಿಂದ ತೊಗಟೆಯ ಕಡೆಗೆ ಆಗುವುದರ ಸುಮಾರು ಇಮ್ಮಡಿ. ಬೇರೆ ಕೋಣೆಯ ಮರ ಋತುವಿಗೊಮ್ಮೆ ಅನುಭವಿಸುವ ಈ ಆಯಾಸವನ್ನು ಅಡಿಗೆಮನೆಯ ಮರ ದಿನವೂ ಅನುಭವಿಸುತ್ತದೆ. ಬೆಳಿಗ್ಗೆ ಇಡ್ಲಿಯ ಹಬೆ, ಮಧ್ಯಾಹ್ನ ಒಲೆಯ ಕಾವು, ರಾತ್ರಿ ತೊಳೆದ ನೆಲದ ತೇವ. ಈ ಲೆಕ್ಕದಲ್ಲಿ ನೋಡಿದರೆ ಅರುವತ್ತು ವರ್ಷ ನಿಂತ ಬೀರು ಸಣ್ಣ ಸಾಧಕನೇನೂ ಅಲ್ಲ.

ಆದರೆ ಸಾಧನೆಯನ್ನು ನೋಡಿಕೊಂಡು ಅಡಿಗೆ ಮಾಡಲಾಗುವುದಿಲ್ಲ. ನಮ್ಮ ಸೊಸೆಯ ದೂರಿನಲ್ಲಿ ನ್ಯಾಯವಿತ್ತು. “ಮಾವ, ಇದರಲ್ಲಿ ರಾಗಿಹಿಟ್ಟಿನ ಡಬ್ಬ ಇಟ್ಟರೆ ಡಬ್ಬದ ಮೇಲೂ ಒಂದು ಹಿಟ್ಟು ಬಿದ್ದಿರುತ್ತೆ. ಒಂದು ಬಾಗಿಲು ನೇತಾಡುತ್ತೆ, ಇನ್ನೊಂದು ಮಳೆಗಾಲದಲ್ಲಿ ತೆಗೆಯೋದಕ್ಕೇ ಬರೋಲ್ಲ. ತೂತುಗಳಲ್ಲಿ ಜಿರಳೆ ಮರಿ ಹಾಕುತ್ತೆ” ಎಂದಳು. ಮಗ ಆಗಲೇ ಪೇಟೆಗೆ ಹೋಗಿ, ಗೋಡೆಗೆ ಕೂರಿಸುವ ಹೊಸ ಮಾದರಿಯ ಬೀರುಗಳ ಬೆಲೆಯನ್ನು ವಿಚಾರಿಸಿಕೊಂಡು ಬಂದಿದ್ದ. ಅವುಗಳನ್ನು ಸಾರಾಸಗಟಾಗಿ ಹಳಿಯುವವನು ನಾನಲ್ಲ. ಕುದಿಯುವ ನೀರಿಗೂ ಬಿಡದ ಅಂಟಿನಿಂದ ಮಾಡಿದ ಒಳ್ಳೆಯ ಪ್ಲೈವುಡ್ ಹಲಗೆ ಅಡಿಗೆಮನೆಗೆ ಒಪ್ಪುವಂಥದೇ. ಆದರೆ ಮಗನ ಕೈಗೆಟಕುವ ಬೆಲೆಯಲ್ಲಿ ಇದ್ದದ್ದು ಮರದ ಚೂರುಗಳನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ. ಅದು ಒಮ್ಮೆ ನೀರು ಕುಡಿದು ಉಬ್ಬಿತೆಂದರೆ ಒಣಗಿದ ಮೇಲೂ ಮೊದಲಿನ ಸ್ಥಿತಿಗೆ ಬಾರದು. ತಿರುಪುಮೊಳೆ ಒಮ್ಮೆ ಕಿತ್ತುಬಂದರೆ ಅಲ್ಲಿ ಮತ್ತೆ ಹಿಡಿಯುವುದೂ ಕಷ್ಟ.

ಕೊನೆಗೆ ಒಂದು ಒಪ್ಪಂದವಾಯಿತು. ಒಮ್ಮೆ ದುರಸ್ತಿ ಮಾಡಿಸಿ ನೋಡುವುದು. ಮುಂದಿನ ಯುಗಾದಿಯೊಳಗಾಗಿ ಮತ್ತೆ ಪುಡಿ ಉದುರಿದರೆ ಬೀರು ಹೊರಗೆ. ಸೊಸೆ ಮರದ ತೂತು ತುಂಬುವ ಸಿದ್ಧ ಪುಟ್ಟಿಯ ಡಬ್ಬವೊಂದನ್ನು ತರಿಸಿ, ಒಂದು ಮಧ್ಯಾಹ್ನದಲ್ಲಿ ಎಲ್ಲವನ್ನೂ ತುಂಬಿಬಿಡುವ ಉತ್ಸಾಹದಲ್ಲಿದ್ದಳು. ಕೀಲುಗಳ ಕೆಲಸಕ್ಕೆಂದು ಕರೆಸಿದ ಆಚಾರ್ಯರು ಆ ಡಬ್ಬವನ್ನು ನೋಡಿ ಪಕ್ಕಕ್ಕಿಟ್ಟರು. ಎಪ್ಪತ್ತರ ಹತ್ತಿರದ ಮನುಷ್ಯ. ಅವರ ತಂದೆಯೇ ಈ ಬೀರನ್ನು ಮಾಡಿದ್ದವರು. ಚೀಲದಿಂದ ಉಳಿಯನ್ನಾಗಲಿ ಬೈರಿಗೆಯನ್ನಾಗಲಿ ತೆಗೆಯದೆ, ಬ್ಯಾಟರಿಯ ಬೆಳಕು ಬಿಟ್ಟುಕೊಂಡು, ಬೆರಳಿನ ಗೆಣ್ಣಿನಿಂದ ಹಲಗೆಹಲಗೆಯನ್ನೂ ಬಡಿದು ಕಿವಿಗೊಟ್ಟರು.

“ಮುಚ್ಚೋದು ಅರ್ಧ ಗಂಟೆ ಕೆಲಸ, ಮೇಷ್ಟ್ರೇ. ಕೊರೆದೋರು ಯಾರು ಅಂತ ಮೊದಲು ಗೊತ್ತಾಗಬೇಕಲ್ಲ” ಎಂದರು.

ಅವರ ಪ್ರಕಾರ ನಮ್ಮ ಬೀರುವಿನಲ್ಲಿ ಇದ್ದದ್ದು ನಾಲ್ಕು ಬಗೆಯ ತೂತು. ನಾಲ್ಕಕ್ಕೂ ನಾಲ್ಕು ಕಾರಣ, ನಾಲ್ಕು ಚಿಕಿತ್ಸೆ.

ಮೊದಲನೆಯದು ಗೆದ್ದಲಿನದು. ಹಿಂಬದಿಯ ಮಾವಿನ ಹಲಗೆ ಗೋಡೆಗೆ ತಾಗಿಕೊಂಡಿತ್ತು. ಗೋಡೆಯ ಆಚೆ ಪಾತ್ರೆ ತೊಳೆಯುವ ನೀರಿನ ಕೊಳವೆ ಸೋರುತ್ತಿತ್ತು. ನೆಲದ ಗೆದ್ದಲಿಗೆ ತೇವದ ಮಣ್ಣಿನ ಸಂಪರ್ಕ ತಪ್ಪಿದರೆ ಬದುಕಿಲ್ಲ. ಅದರ ಮೈ ಬಯಲಿನ ಗಾಳಿಗೆ ಒಣಗಿಹೋಗುತ್ತದೆ. ಆದಕಾರಣ ಅದು ಮಣ್ಣಿನ ಕೊಳವೆಯನ್ನು ಕಟ್ಟಿಕೊಂಡು, ಅದರೊಳಗೇ ಓಡಾಡುತ್ತದೆ. ಮರವನ್ನು ಒಳಗೊಳಗೇ ತಿಂದು ಹೊರಗಿನ ತೆಳುವಾದ ಪದರವನ್ನು ಉಳಿಸುವುದರಿಂದ ಹಲಗೆ ನೋಡಲು ನೆಟ್ಟಗಿರುತ್ತದೆ, ಬಡಿದರೆ ಡೊಳ್ಳೆನ್ನುತ್ತದೆ. ಇಂಥ ಕಡೆ ಪುಟ್ಟಿ ಮೆತ್ತುವುದೆಂದರೆ ಗೆದ್ದಲಿನ ಮನೆಗೆ ನಾವೇ ಬಾಗಿಲು ಹಾಕಿಕೊಟ್ಟಂತೆ. ಇಲ್ಲಿ ತುಂಬಬೇಕಾದ್ದು ಮರದ ತೂತನ್ನಲ್ಲ, ಕೊಳವೆಯ ತೂತನ್ನು. ಕೊಳವೆ ದುರಸ್ತಿಯಾಯಿತು. ಮಾವಿನ ಹಲಗೆಯನ್ನು ಪೂರ್ತಿಯಾಗಿ ಕಿತ್ತು ಸುಟ್ಟರು. ಹೊಸ ಹಲಗೆ ಬಂತು. ಬೀರುವಿನ ಕಾಲುಗಳ ಕೆಳಗೆ ಕಲ್ಲಿನ ತುಂಡುಗಳನ್ನು ಕೊಟ್ಟು, ಗೋಡೆಗೂ ಬೀರುವಿಗೂ ನಡುವೆ ನಾಲ್ಕು ಬೆರಳು ಗಾಳಿಗೆ ಬಿಟ್ಟರು.

ಎರಡನೆಯದು ಕುಟ್ಟೆ. ಸಾಸಿವೆಗಿಂತ ಕಿರಿದಾದ, ಒಂದೆರಡು ಮಿಲಿಮೀಟರು ಅಗಲದ, ದುಂಡನೆಯ ತೂತುಗಳು. ಅವುಗಳ ಕೆಳಗೆ ಬಟ್ಟೆಯಲ್ಲಿ ಜರಡಿಯಾಡಿದಂಥ ನುಣ್ಣನೆಯ ಪುಡಿ. ಈ ತೂತಿನ ವಿಚಾರದಲ್ಲಿ ನಮ್ಮ ಸಾಮಾನ್ಯ ತಿಳಿವಳಿಕೆ ತಲೆಕೆಳಗಾದುದು. ಹುಳು ಹೊರಗಿನಿಂದ ಕೊರೆದು ಒಳಗೆ ಹೋಗುತ್ತದೆಂದು ನಾವು ತಿಳಿಯುತ್ತೇವೆ. ನಿಜವಾಗಿ ತಾಯಿದುಂಬಿ ಬಣ್ಣ ಮೆರುಗುಗಳಿಲ್ಲದ ಮರದ ಸೂಕ್ಷ್ಮ ರಂಧ್ರಗಳಲ್ಲಿ ಮೊಟ್ಟೆಯಿಟ್ಟು ಹೋಗಿರುತ್ತದೆ. ಮರಿಹುಳು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಕ್ಕೂ ಮೀರಿ ಒಳಗೇ ಮರವನ್ನು ಪುಡಿಮಾಡುತ್ತ ಬೆಳೆದು, ದುಂಬಿಯಾದ ಮೇಲೆ ಕೊರೆದುಕೊಂಡು ಹೊರಗೆ ಹಾರುತ್ತದೆ. ನಾವು ಕಾಣುವ ತೂತು ಕಳ್ಳ ಬಂದ ಕನ್ನವಲ್ಲ, ಕಳ್ಳ ಹೋದ ಬಾಗಿಲು. ಅದರ ಆಹಾರವೂ ಮರವಲ್ಲ, ಮರದಲ್ಲಿ ಉಳಿದಿರುವ ಪಿಷ್ಟ. ಪಿಷ್ಟ ಇರುವುದು ತೊಗಟೆಯ ಒಳಮಗ್ಗುಲಿನ ಬಿಳಿಮರದಲ್ಲಿ. ನಡುವಿನ ಚೇಗನ್ನು ಈ ಹುಳು ಮುಟ್ಟುವುದಿಲ್ಲ. ವರ್ಷಗಳು ಕಳೆದಂತೆ ಬಿಳಿಮರದ ಪಿಷ್ಟವೂ ಕ್ಷೀಣಿಸುತ್ತದೆ.

ಆಚಾರ್ಯರು ತೂತಿದ್ದ ಎಡೆಗಳನ್ನೆಲ್ಲ ಕುಂಚದಿಂದ ಗುಡಿಸಿ, ಪ್ರತಿಯೊಂದರ ಕೆಳಗೂ ಕಪ್ಪು ಕಾಗದವನ್ನು ಹಾಸಿ, ಒಂದು ವಾರ ಮುಟ್ಟಬೇಡಿರೆಂದು ಹೇಳಿ ಹೋದರು. ವಾರದ ಮೇಲೆ ನೋಡಿದರೆ, ಹಲಸಿನ ಬಾಗಿಲುಗಳ ಕೆಳಗಿನ ಕಾಗದ ಶುದ್ಧ ಕಪ್ಪು. ರಬ್ಬರು ಮರದ ತಟ್ಟಿನ ಕೆಳಗಿನ ಕಾಗದದ ಮೇಲೆ ಸಣ್ಣ ಸಣ್ಣ ಬಿಳಿಯ ಗುಪ್ಪೆಗಳು. ಹಲಸಿನ ಅಂಚಿನಲ್ಲಿದ್ದ ಬಿಳಿಮರವನ್ನು ತಿಂದ ಹುಳುಗಳು ದಶಕಗಳ ಹಿಂದೆಯೇ ಹಾರಿಹೋಗಿದ್ದವು. ಸೊಸೆಯ ಹಿಟ್ಟಿನ ಡಬ್ಬದ ಮೇಲೆ ಪುಡಿ ಉದುರಿಸುತ್ತಿದ್ದುದು ಪಿಷ್ಟ ತುಂಬಿದ ರಬ್ಬರು ಮರದ ತಟ್ಟು ಒಂದೇ. ಅರುವತ್ತು ವರ್ಷದ ಮುದುಕನ ಮೇಲೆ ಹೊರಿಸಿದ್ದ ಅಪವಾದ ಹೀಗೆ ಒಂದು ಕಪ್ಪು ಕಾಗದದಿಂದ ತೊಲಗಿತು. ತಟ್ಟನ್ನು ತೆಗೆದರು. ಮುಂಜಾಗ್ರತೆಗೆಂದು ಬಾಗಿಲಿನ ಅಂಚಿಗೆ ಬೋರಿಕ್ ಆಮ್ಲ ಮತ್ತು ಬೋರಾಕ್ಸನ್ನು ಬಿಸಿನೀರಿನಲ್ಲಿ ಕರಗಿಸಿ ಎರಡು ಸಲ ಬಳಿದು ಒಣಗಿಸಿದರು. ಆಹಾರ ಇಡುವ ಜಾಗವಾದ್ದರಿಂದ ಅದರ ಮೇಲೆ ಮೆರುಗೆಣ್ಣೆ ತಪ್ಪದೆ ಬೀಳಬೇಕೆಂದು ಎಚ್ಚರಿಸಿದರು. ಇಂಥ ಸಂಗತಿಗಳನ್ನು ಪರೀಕ್ಷಿಸಿ ನೋಡುವುದಕ್ಕೆಂದೇ ಮೈಸೂರು ಸಂಸ್ಥಾನದ ಕಾಲದಲ್ಲಿ, 1938ರಲ್ಲಿ, ಬೆಂಗಳೂರಿನಲ್ಲಿ ಅರಣ್ಯ ಸಂಶೋಧನಾಲಯವೊಂದು ಆರಂಭವಾಗಿತ್ತು; ಇಂದು ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಅದರ ಮುಂದುವರಿಕೆ. ಆಚಾರ್ಯರು ಅಲ್ಲಿ ಓದಿದವರಲ್ಲ. ಆದರೂ ಅವರ ಕಪ್ಪು ಕಾಗದವನ್ನು ಯಾವ ವಿಜ್ಞಾನಿಯೂ ಅಲ್ಲಗಳೆಯಲಾರ.

ಮೂರನೆಯದು ತಿರುಪುಮೊಳೆಯ ತೂತು. ಬಾಗಿಲು ನೇತಾಡುವುದು ಕೀಲಿನ ದೋಷದಿಂದಲ್ಲ. ಮೊಳೆಯ ಸುತ್ತಣ ಮರದ ಎಳೆಗಳು ನುಜ್ಜಾಗಿ ಹಿಡಿತ ಬಿಟ್ಟಿರುವುದರಿಂದ. ಬೆಂಕಿಕಡ್ಡಿಗಳನ್ನು ಅಂಟಿನಲ್ಲಿ ಅದ್ದಿ ತೂತಿಗೆ ತುರುಕುವುದು ನಮ್ಮೆಲ್ಲರ ಮನೆಯ ಉಪಾಯ. ತಾತ್ಕಾಲಿಕಕ್ಕೆ ಅದು ಸಾಕು. ಬರಿಯ ಪುಟ್ಟಿ ತುಂಬಿ ಅದರಲ್ಲಿ ಮೊಳೆ ತಿರುಗಿಸಿದರೆ ಮೂರು ತಿಂಗಳಿಗೆ ಪುಡಿಯಾಗಿ ಉದುರುತ್ತದೆ. ಆಚಾರ್ಯರು ಸವೆದ ತೂತನ್ನು ಬೈರಿಗೆಯಿಂದ ಅಗಲಿಸಿ ಶುದ್ಧಮಾಡಿ, ಗಟ್ಟಿಮರದ ಬೆಣೆಯನ್ನು ಅಂಟು ಸವರಿ ಕೊಡತಿಯಿಂದ ಬಡಿದು ಕೂರಿಸಿದರು. ಬೆಣೆಯ ಎಳೆ ಹಲಗೆಯ ಎಳೆಯ ಜಾಡಿನಲ್ಲಿಯೇ ಸಾಗುವಂತೆ ಅವರು ಅದನ್ನು ಅಡ್ಡಲಾಗಿ ಕೊರೆದಿದ್ದರು. ದುಂಡು ಕಡ್ಡಿಯನ್ನು ನೇರವಾಗಿ ತುರುಕಿದರೆ ಮೊಳೆ ಎಳೆಯ ತುದಿಗಳ ನಡುವೆ ಇಳಿಯುತ್ತದೆ. ಎಳೆಯನ್ನು ಅಡ್ಡವಾಗಿ ಕಚ್ಚಿದ ಮೊಳೆಗೆ ಇರುವ ಹಿಡಿತ ಅಲ್ಲಿ ಸಿಗದು. ಅಂಟು ಒಂದು ರಾತ್ರಿ ಒಣಗಿದ ಮೇಲೆ, ಮೊಳೆಗಿಂತ ಸಣ್ಣ ತೂತೊಂದನ್ನು ಮೊದಲು ಕೊರೆದು, ಅದರಲ್ಲಿ ಮೊಳೆಯನ್ನು ತಿರುಗಿಸಿದರು. ಬಾಗಿಲು ಚೌಕಟ್ಟಿನಲ್ಲಿ ಸದ್ದಿಲ್ಲದೆ ಕುಳಿತಿತು.

ನಾಲ್ಕನೆಯದು ತೂತಲ್ಲ, ಬಿರುಕು. ಬಲಬಾಗಿಲಿನ ಹಲಗೆ ಉದ್ದಕ್ಕೆ ಸೀಳಿತ್ತು. ಬೇಸಗೆಯಲ್ಲಿ ಬೆರಳಿನ ಉಗುರು ತೂರುವಷ್ಟು ಅಗಲ. ಆಷಾಢ ಬಂದರೆ ಮುಚ್ಚಿಹೋಗುವುದು. ಸೊಸೆ ಮೊದಲು ತುಂಬಬೇಕೆಂದು ಗುರುತಿಟ್ಟುಕೊಂಡಿದ್ದುದು ಇದನ್ನೇ. ಆಚಾರ್ಯರು ಮಾತ್ರ, ಬೇಸಗೆಯ ಬಿರುಕನ್ನು ಬೇಸಗೆಯಲ್ಲಿ ತುಂಬಬಾರದೆಂದರು. ಬಾಯಿ ತೆರೆದಿರುವಾಗ ಗಟ್ಟಿ ಪದಾರ್ಥವನ್ನು ತುಂಬಿಬಿಟ್ಟರೆ, ಮಳೆಗಾಲದಲ್ಲಿ ಹಿಗ್ಗುವ ಮರಕ್ಕೆ ಜಾಗವಿರುವುದಿಲ್ಲ. ಒಂದೋ ತುಂಬಿದ್ದು ಹೊರಗೆ ಚಿಮ್ಮುತ್ತದೆ, ಇಲ್ಲ ಹಲಗೆ ಬೇರೊಂದು ಕಡೆ ಸೀಳುತ್ತದೆ. ಅವರು ಬಿರುಕಿಗೆ ಅಡ್ಡಲಾಗಿ, ಒಳಮಗ್ಗುಲಿನಲ್ಲಿ, ಡಮರುವಿನಂತೆ ನಡು ಸಣ್ಣಗಾದ ಎರಡು ತೇಗದ ತುಂಡುಗಳನ್ನು ಕೆತ್ತಿ ಕೂರಿಸಿದರು. ಸೀಳು ಇನ್ನು ಉದ್ದವಾಗದಂತೆ ಅವು ಹಿಡಿಯುತ್ತವೆ. ಉಳಿದ ಸಂದಿಗೆ ಜೇನುಮೇಣವನ್ನು ಒತ್ತಿದರು. ಮರ ಹಿಗ್ಗಿದರೆ ಮೇಣ ಜಗ್ಗಿಕೊಡುತ್ತದೆ.

ಈ ಡಮರು ಕಟ್ಟನ್ನು ನೋಡಿದಾಗ ನನಗೆ ಜಾರ್ಜ್ ನಕಾಶಿಮಾ ನೆನಪಾದರು. ಜಪಾನಿ ಮೂಲದ ಈ ಅಮೆರಿಕದ ಕುಶಲಕರ್ಮಿ ದೊಡ್ಡ ಮರದ ಹಲಗೆಗಳ ಬಿರುಕುಗಳನ್ನು ಅಡಗಿಸದೆ, ಇಂಥದೇ ಆಕಾರದ ತುಂಡುಗಳನ್ನು ಮೇಲ್ಗಡೆಯಲ್ಲಿಯೇ ಕೂರಿಸಿ, ಅದನ್ನೇ ತನ್ನ ಮೇಜುಗಳ ಶೋಭೆಯನ್ನಾಗಿ ಮಾಡಿದವರು. ಅವರಿಗೂ ನಮಗೂ ನಂಟುಂಟು: 1930ರ ದಶಕದ ಕೊನೆಯಲ್ಲಿ ಪುದುಚೇರಿಯ ಅರವಿಂದಾಶ್ರಮದ ಗೋಲ್ಕೊಂಡ ಎಂಬ ವಸತಿಗೃಹದ ನಿರ್ಮಾಣದಲ್ಲಿ ದುಡಿದು, ಸುಂದರಾನಂದ ಎಂಬ ಹೆಸರನ್ನೂ ಪಡೆದಿದ್ದರು. ಆಚಾರ್ಯರಿಗೆ ಇದನ್ನು ಹೇಳಿದೆ. “ಅವರದು ಹಜಾರದ ಮೇಜು, ಮೇಲೆ ಕಾಣಬೇಕು. ನಮ್ಮದು ಅಡಿಗೆಮನೆ ಬಾಗಿಲು, ಒಳಗಿದ್ದರೆ ಸಾಕು” ಎಂದರು.

ಇನ್ನು ತುಂಬುವ ಪದಾರ್ಥಗಳ ವಿಚಾರ. ಹಿಂದೆ ಬಡಗಿಗಳು ಚರ್ಮ ಮೂಳೆಗಳನ್ನು ಬೇಯಿಸಿ ಮಾಡಿದ ಮರವಜ್ರವನ್ನು ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಕಾಯಿಸಿ ಬಳಸುತ್ತಿದ್ದರು. ಹಬೆ ತಗುಲಿದರೆ ಅದು ಸಡಿಲವಾಗುವುದರಿಂದ ಅಡಿಗೆಮನೆಗೆ ಒಳ್ಳೆಯದಲ್ಲ. 1959ರಲ್ಲಿ ಫೆವಿಕಾಲ್ ಬಂದ ಮೇಲೆ ಕಾಯಿಸುವ ಕೆಲಸ ತಪ್ಪಿತು. ಸಣ್ಣ ಮೊಳೆತೂತುಗಳಿಗೆ ಅದೇ ಮರದ ಗರಗಸದ ಹುಡಿಯನ್ನು ಈ ಅಂಟಿನಲ್ಲಿ ಕಲಸಿ ತುಂಬಿ, ಒಣಗಿದ ಮೇಲೆ ಉಪ್ಪುಕಾಗದದಿಂದ ಉಜ್ಜಬಹುದು. ಆದರೆ ಅಂಟು ಕುಡಿದ ಹುಡಿ ಮೆರುಗೆಣ್ಣೆಯನ್ನು ಸುತ್ತಲಿನ ಮರದಷ್ಟು ಹೀರುವುದಿಲ್ಲವಾಗಿ ಮಚ್ಚೆ ಕಾಣುತ್ತದೆ. ಹಾಗಾಗಿ ಅಂಟು ಕಡಿಮೆ, ಹುಡಿ ಹೆಚ್ಚು ಇರಬೇಕು. ಹೊಸ ಹಲಸಿನ ಹುಡಿ ಅರಿಸಿನದ ಬಣ್ಣದ್ದು, ಹಳೆಯ ಹಲಸು ಕಂದು. ತುಂಬಿದ ದಿನ ಎದ್ದು ಕಂಡರೂ ವರ್ಷಗಳು ಕಳೆದಂತೆ ಹೊಸದು ಹಳೆಯದಕ್ಕೆ ಕೂಡಿಕೊಳ್ಳುತ್ತದೆ. ಸೀಮೆಸುಣ್ಣದ ಪುಡಿಗೆ ಅಗಸೆಯೆಣ್ಣೆ ಬೆರೆಸಿದ ಪುಟ್ಟಿ ಬಣ್ಣ ಹೊಡೆಯುವ ಮರಕ್ಕೆ ಲೇಸು. ಅಗಸೆಯೆಣ್ಣೆ ಗಾಳಿಯ ಆಮ್ಲಜನಕದೊಡನೆ ಕೂಡಿ ಗಟ್ಟಿಯಾಗುತ್ತದೆ. ಕೊಬ್ಬರಿಯೆಣ್ಣೆ ಎಂದಿಗೂ ಒಣಗದೆ ಜಿಡ್ಡಾಗಿ ಉಳಿಯುತ್ತದೆ. ಈ ಕೂಡುವಿಕೆಯಲ್ಲಿ ಶಾಖ ಹುಟ್ಟುವುದರಿಂದ, ಅಗಸೆಯೆಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತನ್ನಷ್ಟಕ್ಕೆ ತಾನೇ ಹೊತ್ತಿಕೊಳ್ಳಬಹುದು. ಅದನ್ನು ಬಿಡಿಸಿ ಹರವಿ ಒಣಗಿಸಬೇಕು, ಇಲ್ಲವೆ ನೀರಿನಲ್ಲಿ ಅದ್ದಿಡಬೇಕು. ಅರಗನ್ನು ಕಾಯಿಸಿ ತೂತಿಗೆ ಹನಿಸುವ ಹಳೆಯ ಪದ್ಧತಿಯನ್ನು ಕೇಳಿದಾಗ ಆಚಾರ್ಯರು ನಕ್ಕರು: “ಒಲೆ ಪಕ್ಕ ಅರಗು ಇಟ್ಟರೆ ಏನಾಗುತ್ತೆ ಅಂತ ಪಾಂಡವರನ್ನ ಕೇಳಿ.”

ಸಂಸ್ಕೃತದಲ್ಲಿ ಘುಣಾಕ್ಷರ ನ್ಯಾಯ ಎಂಬುದೊಂದುಂಟು. ಘುಣವೆಂದರೆ ಮರವನ್ನು ಕೊರೆಯುವ ಹುಳು. ಅದು ತಿನ್ನುತ್ತ ಹೋದ ಜಾಡು ಒಮ್ಮೊಮ್ಮೆ ಅಕ್ಷರದಂತೆ ಕಾಣುತ್ತದೆ. ಹಾಗೆಂದು ಹುಳುವಿಗೆ ಅಕ್ಷರಜ್ಞಾನವಿದೆಯೆನ್ನಲಾಗದು. ಉದ್ದೇಶವಿಲ್ಲದೆ, ಅಕಸ್ಮಾತ್ತಾಗಿ ಒದಗಿದ ಫಲಕ್ಕೆ ಈ ಹೋಲಿಕೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಹೇಳುವಾಗ ಇದನ್ನು ಎಷ್ಟೋ ಸಲ ವಿವರಿಸಿದ್ದೇನೆ. ಅದರ ತಿರುವುಮುರುವನ್ನು ಕಂಡದ್ದು ಮಾತ್ರ ಈ ದುರಸ್ತಿಯ ಹನ್ನೊಂದನೆಯ ದಿನ.

1981ರಲ್ಲಿ ತಂಗಿಯ ಮದುವೆಗೆಂದು ಮನೆಗೆಲ್ಲ ಬಣ್ಣ ಹೊಡೆಸಿದಾಗ ಬೀರುವಿಗೂ ಒಳಗೆ ಹೊರಗೆ ನೀಲಿಯ ಎಣ್ಣೆಬಣ್ಣ ಬಿದ್ದಿತ್ತು. ಅದನ್ನು ಕೆರೆದು ತೆಗೆಯುತ್ತಿದ್ದ ಆಚಾರ್ಯರು ಎಡಬಾಗಿಲಿನ ಒಳಮಗ್ಗುಲಿಗೆ ಬಂದಾಗ ಕೈ ನಿಲ್ಲಿಸಿದರು. ಅಂಚಿನಲ್ಲಿ ಕುಟ್ಟೆಯ ಹಳೆಯ ತೂತುಗಳು. ಅವುಗಳಿಗೆ ಸ್ವಲ್ಪ ಒಳಗೆ, ನೀಲಿಬಣ್ಣ ತುಂಬಿಕೊಂಡ ಇನ್ನೂ ನೂರಾರು ಚುಕ್ಕಿಗಳು. ಸೊಸೆ ಪುಟ್ಟಿಯ ಡಬ್ಬ ಹಿಡಿದು ಸಿದ್ಧವಾಗಿದ್ದಳು.

“ಇದು ಹುಳದ್ದಲ್ಲ, ತಾಯಿ” ಎಂದರು ಆಚಾರ್ಯರು. “ಹುಳ ಒಳಗಿಂದ ಹೊರಗೆ ಬರುತ್ತೆ, ತೂತಿನ ಬಾಯಿ ಕತ್ತರಿಸಿದ ಹಾಗಿರುತ್ತೆ, ಆಳಕ್ಕೆ ಹೋಗುತ್ತೆ. ಇದು ನೋಡಿ, ಎಳೆ ಒಳಕ್ಕೆ ಮಡಿಸಿದೆ. ಆಳ ಇಲ್ಲ. ಹೊರಗಿಂದ ಚುಚ್ಚಿದ್ದು. ಮತ್ತೆ, ಹುಳ ಸಾಲು ಹಿಡಿದು ನಡೆಯೋದಿಲ್ಲ.”

ಸಾಲು ಹಿಡಿದು ನಡೆದವಳು ನಮ್ಮ ಅಮ್ಮ. ಅವಳು ಶಾಲೆಗೆ ಹೋದವಳಲ್ಲ. ಹಾಲಿನವಳ ಲೆಕ್ಕವನ್ನು ಮೊದಲು ಎಲ್ಲ ಹೆಂಗಸರಂತೆ ಗೋಡೆಯ ಮೇಲೆ ಮಸಿಯ ಚುಕ್ಕಿಯಿಟ್ಟು ನಡೆಸುತ್ತಿದ್ದಳು. ಹಬ್ಬಕ್ಕೆ ಸುಣ್ಣ ಬಳಿದಾಗಲೆಲ್ಲ ಲೆಕ್ಕವೂ ಬಿಳಿಯಾಗಿ ಹಾಲಿನವಳೊಡನೆ ಚರ್ಚೆಯಾಗುತ್ತಿತ್ತು. ಬೀರು ಬಂದ ಮೇಲೆ, ಸುಣ್ಣ ತಾಗದ ಜಾಗವೆಂದು, ಗೋಣಿ ಹೊಲಿಯುವ ದಬ್ಬಳದಿಂದ ಬಾಗಿಲಿನ ಒಳಗಡೆ ಚುಚ್ಚತೊಡಗಿದಳು. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಒಂದು ಸಾಲು. ಒಂದು ಸೇರು ಹಾಲಿಗೆ ಒಂದು ಚುಕ್ಕಿ. ಸರ್ಕಾರ ಲೀಟರನ್ನು ತಂದಿದ್ದರೂ ನಮ್ಮ ಪೇಟೆಯ ಹಾಲಿನವಳು ಪಾವು ಸೇರುಗಳನ್ನು ಬಿಟ್ಟಿರಲಿಲ್ಲ. ಯುಗಾದಿ ಬಂದರೆ ಐದು ಚುಕ್ಕಿಯ ಒಂದು ಗೊಂಚಲು, ಹೊಸ ವರ್ಷದ ಗುರುತು. ದಬ್ಬಳ ಹಿಡಿದು ಬಾಗಿಲಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತ ಅವಳ ಚಿತ್ರ ನನ್ನ ಕಣ್ಣಿನಲ್ಲಿದೆ. ತಂಗಿ ಬರೆಯಲು ಕಲಿತ ಮೇಲೆ ಲೆಕ್ಕ ಪುಸ್ತಕಕ್ಕೆ ಹೋಯಿತು. ಬಾಗಿಲು ಅಲ್ಲಿಗೆ ನಿಂತಿತು.

ಆಚಾರ್ಯರು ಸೂಜಿಯ ಮೊನೆಯಿಂದ ಚುಕ್ಕಿಗಳೊಳಗಿನ ನೀಲಿಬಣ್ಣವನ್ನು ಬಿಡಿಸಿದರು. ಅರುವತ್ತಕ್ಕೂ ಮಿಕ್ಕಿದ ಸಾಲುಗಳು. ದಿನಕ್ಕೆ ಎರಡು ಪಾವು, ತಿಂಗಳಿಗೆ ಹದಿನೈದು ಸೇರು. ಹಬ್ಬದ ತಿಂಗಳು ಹದಿನಾರು, ಹದಿನೇಳು. ಸೊಸೆ ನೆಲದ ಮೇಲೆ ಕುಳಿತು ಬೆರಳಿಟ್ಟು ಎಣಿಸುತ್ತ ಬಂದಳು. ಐದನೆಯ ಗೊಂಚಲಿನ ಕೆಳಗೆ ಮೂರು ಸಾಲು ಹದಿನೈದರಂತೆಯೇ ನಡೆದು, ನಾಲ್ಕನೆಯ ಸಾಲು ಏಳಕ್ಕೆ ಇಳಿದಿತ್ತು. ಐದನೆಯದು ಏಳು. ಆರು, ಏಳನೆಯವೂ ಏಳು.

“ಹಸು ಬತ್ತಿತ್ತೇನೋ” ಎಂದಳು. ಮತ್ತೆ ಒಂದು ಸಾಲು ಕೆಳಗೆ ಬೆರಳಿಟ್ಟು, “ಇಲ್ಲ, ಈ ತಿಂಗಳು ಮಾತ್ರ ಹನ್ನೊಂದಿದೆ. ಆಮೇಲೆ ಪುನಃ ಏಳು. ಈ ತಿಂಗಳು ಯಾರು ಬಂದಿದ್ದರು, ಮಾವ?” ಎಂದು ಕೇಳಿದಳು.

ನಾನು ಸಾಲುಗಳನ್ನು ಎಣಿಸಿದೆ. ಆ ಗೊಂಚಲಿನ ಕೆಳಗೆ ಇದ್ದದ್ದು ಹದಿಮೂರು ಸಾಲು. 1962ರ ಯುಗಾದಿ ಮೊದಲನೆಯದಾದರೆ ಐದನೆಯದು 1966ರದು. ಆ ವರ್ಷ ಅಧಿಕ ಶ್ರಾವಣ ಬಂದಿತ್ತು, ಹದಿಮೂರು ತಿಂಗಳು ಸರಿ. ನಾಲ್ಕನೆಯ ಸಾಲು ಆಷಾಢ. ಅಧಿಕಮಾಸವನ್ನು ಸೇರಿಸಿ ಎಣಿಸಿದರೆ ಎಂಟನೆಯದು ಆಶ್ವಯುಜ. 1966 ಬರಗಾಲದ ಬೆನ್ನಿಗೇ ಬಂದ ವರ್ಷ. ಜೂನ್ ತಿಂಗಳಲ್ಲಿ ರೂಪಾಯಿಯ ಬೆಲೆಯನ್ನೂ ಇಳಿಸಿದ್ದರು. ಆ ಜೂನಿನಲ್ಲಿಯೇ ನಾನು ಪಿ.ಯು.ಸಿ. ಓದಲು ಮೈಸೂರಿಗೆ ಹೋದದ್ದು. ತಿಂಗಳು ತಿಂಗಳೂ ಊಟದ ಖರ್ಚಿಗೆ ತಪ್ಪದೆ ಮನಿಯಾರ್ಡರು ಬರುತ್ತಿತ್ತು. ತಂದೆಯವರ ಕಾರ್ಡಿನಲ್ಲಿ ಎಲ್ಲರೂ ಕ್ಷೇಮವೆಂದಿರುತ್ತಿತ್ತು. ದಸರೆಯ ರಜಕ್ಕೆ ಮನೆಗೆ ಬಂದೆ. ಬೆಳಿಗ್ಗೆ ಸಂಜೆ ಲೋಟದ ತುಂಬ ಹಾಲು ಕೊಡುತ್ತಿದ್ದರು.

ಒಬ್ಬ ಹುಡುಗ ಮನೆ ಬಿಟ್ಟುಹೋದುದಕ್ಕೆ ಹಾಲು ಅರ್ಧಕ್ಕೆ ಇಳಿಯುವುದಿಲ್ಲ. ಮನೆಯಲ್ಲಿ ಉಳಿದವರು ಅಜ್ಜ, ತಂದೆ, ತಾಯಿ, ತಂಗಿ. ದಿನಕ್ಕೊಂದು ಪಾವು ಯಾರ ಪಾಲಿಗೆ ಹೋಗುತ್ತಿತ್ತು, ಯಾರ ಪಾಲಿಗೆ ಇರಲಿಲ್ಲ ಎಂಬುದನ್ನು ಬಾಗಿಲು ಹೇಳುವುದಿಲ್ಲ. ಹೇಳಬೇಕಾಗಿಯೂ ಇಲ್ಲ. ಅಂಗಡಿಯ ಲೆಕ್ಕ ಬರೆಯುತ್ತಿದ್ದ ತಂದೆಯವರ ಪುಸ್ತಕಗಳಲ್ಲಿ ಒಂದು ಹಾಳೆಯೂ ಉಳಿದಿಲ್ಲ. ಅಕ್ಷರವರಿಯದ ಅಮ್ಮನ ಲೆಕ್ಕ ಉಳಿದಿತ್ತು. ಹುಳುವಿನ ತೂತು ಅಕ್ಷರದಂತೆ ಕಂಡರೆ ಘುಣಾಕ್ಷರ. ಮನುಷ್ಯನ ಅಕ್ಷರ ಹುಳುವಿನ ತೂತಿನಂತೆ ಕಂಡರೆ ಅದಕ್ಕೆ ಯಾವ ನ್ಯಾಯವೆಂದು ಹೆಸರಿಡಬೇಕೋ ಪಂಡಿತರು ಹೇಳಬೇಕು.

“ನಾನು ಬಂದಿದ್ದೆ” ಎಂದೆ. ಸೊಸೆ ಪುಟ್ಟಿಯ ಡಬ್ಬದ ಮುಚ್ಚಳವನ್ನು ಹಾಕಿದಳು.

ಆಚಾರ್ಯರು ಉಳಿದ ಕೆಲಸವನ್ನು ನಾಲ್ಕು ದಿನದಲ್ಲಿ ಮುಗಿಸಿದರು. ಬಾಗಿಲಿನ ಅಂಚಿನ ಕುಟ್ಟೆತೂತುಗಳನ್ನು ಹಲಸಿನ ಹುಡಿಯಿಂದ ಒಂದೊಂದಾಗಿ ತುಂಬಿ ಉಜ್ಜಿದರು. ಚುಕ್ಕಿಯ ಸಾಲುಗಳಿಗೆ ಏನನ್ನೂ ತುಂಬಲಿಲ್ಲ; ಮೆರುಗೆಣ್ಣೆಯನ್ನು ನೀರಾಗಿ ಮಾಡಿ, ಕುಳಿಗಳಲ್ಲಿ ನಿಲ್ಲದಂತೆ ಬಟ್ಟೆಯಿಂದ ತೆಳುವಾಗಿ ಒರೆಸಿದರು. ಅಲ್ಲಿ ಜಿಡ್ಡು ಕೂರದಂತೆ ತಿಂಗಳಿಗೊಮ್ಮೆ ಒಣ ಕುಂಚದಿಂದ ಗುಡಿಸಬೇಕೆಂದು ಸೊಸೆಗೆ ಹೇಳಿಕೊಟ್ಟರು. ಕೂಲಿ ಕೊಡುವಾಗ ಆ ಒಂದು ದಿನದ್ದನ್ನು ಬಿಟ್ಟು ಲೆಕ್ಕ ಹೇಳಿದರು, ನಾನು ಬಿಡಲಿಲ್ಲ.

ಯುಗಾದಿ ಕಳೆಯಿತು. ಕಪ್ಪು ಕಾಗದ ಈಗಲೂ ಬೀರುವಿನ ಕೆಳತಟ್ಟಿನಲ್ಲಿದೆ, ಪುಡಿ ಬಿದ್ದಿಲ್ಲ. ಬೀರು ಹೊರಗೆ ಹೋಗುವ ಮಾತನ್ನು ಯಾರೂ ಎತ್ತಿಲ್ಲ. ವಾಚಕರ ಮನೆಯಲ್ಲಿಯೂ ಇಂಥ ಹಳೆಯ ಬೀರುವೊಂದು ದುರಸ್ತಿಗಾಗಿ ಕಾದಿದ್ದರೆ ನನ್ನ ವಿಜ್ಞಾಪನೆ ಇಷ್ಟೆ: ಪುಟ್ಟಿಯ ಡಬ್ಬ ತೆರೆಯುವ ಮುನ್ನ ಬಾಗಿಲನ್ನು ಪೂರ್ತಿಯಾಗಿ ತೆರೆದು, ಬೆಳಕನ್ನು ಓರೆಯಾಗಿ ಹಿಡಿದು, ಒಳಮಗ್ಗುಲನ್ನು ಒಮ್ಮೆ ನೋಡಿರಿ.